ಅರವತ್ತು ದಾಟಿದ ಮೇಲೆ ಅಗ್ಗದ ಪ್ರವಾಸ: ಫಾರ್ವರ್ಡ್ ಮೆಸೇಜ್‌ಗಳಲ್ಲಿ ಎಷ್ಟು ನಿಜ?

ಹಿರಿಯರಿಗೆ ರೈಲಿನಲ್ಲಿ ಅರ್ಧ ದರ, ಬಸ್ಸಿನಲ್ಲಿ ಪೂರ್ತಿ ಉಚಿತ, ಇನ್ನೇಕೆ ತಡ, ಬೆನ್ನಿಗೊಂದು ಚೀಲ ಹಾಕಿಕೊಂಡು ಹೊರಡಿ ಎನ್ನುವ ಧಾಟಿಯ ಮೆಸೇಜ್‌ಗಳು ವಾಟ್ಸಾಪ್‌ನಲ್ಲಿ ಆಗಾಗ ಬರುತ್ತವೆ. ಹೊರಡುವುದು ಒಳ್ಳೆಯದೇ. ಆದರೆ ಇದನ್ನು ನಂಬಿ ಎಣಿಸಿದಷ್ಟೇ ದುಡ್ಡು ಜೇಬಿನಲ್ಲಿಟ್ಟುಕೊಂಡು ಹೋದವರು ಟಿಕೆಟ್ ಕೌಂಟರ್ ಮುಂದೆ ಪೇಚಿಗೆ ಸಿಲುಕುತ್ತಾರೆ. ಕೊಪ್ಪಳ ಜಿಲ್ಲೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಇವುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ನೋಡೋಣ.

ಮೊದಲು ರೈಲು. ಪುರುಷರಿಗೆ 60 ವರ್ಷದಿಂದ ಶೇ 40, ಮಹಿಳೆಯರಿಗೆ 58 ವರ್ಷದಿಂದ ಶೇ 50 ರಿಯಾಯಿತಿ ಇದ್ದದ್ದು ನಿಜ. ಕೋವಿಡ್ ಸಮಯದಲ್ಲಿ, 2020ರ ಮಾರ್ಚ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. ಮರಳಿ ಬಂತು ಎನ್ನುವ ಮೆಸೇಜ್ ಮಾತ್ರ ಪದೇಪದೇ ಬರುತ್ತಲೇ ಇದೆ. ಟಿಕೆಟ್ ಬುಕ್ ಮಾಡುವಾಗ ಪರದೆಯ ಮೇಲೆ ಕಾಣುವ ದರವನ್ನಷ್ಟೇ ನಂಬಿ. ಉಳಿದಿರುವ ಅನುಕೂಲವೆಂದರೆ ಕೆಳಗಿನ ಬರ್ತ್‌ನ ಕೋಟಾ: 60 ದಾಟಿದ ಪುರುಷರು ಮತ್ತು 45 ದಾಟಿದ ಮಹಿಳೆಯರು ಒಬ್ಬರೇ ಅಥವಾ ಇಬ್ಬರಾಗಿ ಹೋಗುವಾಗ ಇದನ್ನು ಕೇಳಬಹುದು. ಹಗಲು ಓಡುವ ಪ್ಯಾಸೆಂಜರ್ ರೈಲಿಗೆ ರಿಯಾಯಿತಿ ಇಲ್ಲದಿದ್ದರೂ ಖರ್ಚು ಅಲ್ಪವೇ. ಕೊಪ್ಪಳ, ಗಂಗಾವತಿಗಳಿಗೆ ರೈಲು ಮೊದಲೇ ಇತ್ತು, 2025ರಲ್ಲಿ ಕುಷ್ಟಗಿಗೂ ಬಂತು.

ಬಸ್ಸಿನ ಮಾತು ಅರ್ಧ ನಿಜ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಮಹಿಳೆಯರಿಗೆ ಮಾತ್ರ. ಅದೂ ರಾಜ್ಯದ ಒಳಗೆ, ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ. ರಾಜಹಂಸ, ಎಸಿ, ಸ್ಲೀಪರ್ ಬಸ್ಸಿಗೆ ಅಜ್ಜಿಯೂ ದುಡ್ಡು ಕೊಡಬೇಕು. ಕರ್ನಾಟಕದ ನಿವಾಸಿಗಳಾದ 60 ದಾಟಿದ ಪುರುಷರಿಗೆ ಸಾರಿಗೆ ನಿಗಮದ ಬಸ್ಸುಗಳಲ್ಲಿ ಇರುವುದು ಶೇ 25 ರಿಯಾಯಿತಿ. ಗಂಡ-ಹೆಂಡತಿ ಇಬ್ಬರೂ ಹೊರಟರೆ ಒಬ್ಬರ ಟಿಕೆಟ್ ಉಚಿತ, ಇನ್ನೊಬ್ಬರದು ಮುಕ್ಕಾಲು ಎಂದು ಲೆಕ್ಕ ಹಾಕಿಕೊಳ್ಳಿ. ಗುರುತಿನ ಚೀಟಿ ಚೀಲದ ತಳದಲ್ಲಿ ಬೇಡ, ಕೈಗೆ ಸಿಗುವಂತಿರಲಿ.

ದುಡ್ಡಿನ ಲೆಕ್ಕ ತಪ್ಪಿದರೆ ಹೇಗೋ ನಡೆಯುತ್ತದೆ, ಮೈಯ ಲೆಕ್ಕ ತಪ್ಪಬಾರದು. ಹನುಮಂತ ಹುಟ್ಟಿದ ಜಾಗವೆಂದು ಭಕ್ತರು ನಂಬುವ ಅಂಜನಾದ್ರಿ ಗಂಗಾವತಿ ತಾಲ್ಲೂಕಿನಲ್ಲಿ, ಆನೆಗೊಂದಿಯ ಹತ್ತಿರವಿದೆ. ಮೆಟ್ಟಿಲು 575. ಹತ್ತುವುದೇ ಕಷ್ಟ, ಇಳಿಯುವುದು ಸಲೀಸು ಎಂದು ಹೆಚ್ಚಿನವರ ಎಣಿಕೆ. ಹೃದಯ ಮತ್ತು ಉಸಿರಿನ ಮಟ್ಟಿಗೆ ಅದು ಸರಿ, ಮಂಡಿಯ ಮಟ್ಟಿಗೆ ತಪ್ಪು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ದೇಹದ ಭಾರವನ್ನು ಬ್ರೇಕಿನಂತೆ ತಡೆಯುತ್ತಾ ಹೋಗಬೇಕಾಗುತ್ತದೆ. ಆ ಒತ್ತಡ ಮಂಡಿಚಿಪ್ಪಿನ ಮೇಲೆ ಬೀಳುತ್ತದೆ. ದಣಿದ ಕಾಲು ಜಾರುವುದೂ ಇಳಿಯುವಾಗಲೇ ಹೆಚ್ಚು. ಆದ್ದರಿಂದ ಹತ್ತಲು ಇರುವ ಶಕ್ತಿಯನ್ನೆಲ್ಲ ಮೇಲೆ ಹೋಗುವುದರಲ್ಲೇ ಮುಗಿಸಬೇಡಿ. ಕೋಲು ನೋವಿರುವ ಕಾಲಿನ ಕಡೆಗಲ್ಲ, ಎದುರು ಕೈಯಲ್ಲಿರಬೇಕು. ಬೆನ್ನಿನ ಚೀಲ ನಿಮ್ಮ ತೂಕದ ಹತ್ತನೇ ಒಂದು ಭಾಗ ದಾಟದಿರಲಿ, ಅಂದರೆ 60 ಕಿಲೋ ಇರುವವರಿಗೆ 6 ಕಿಲೋ.

ಮೆಟ್ಟಿಲು ಬೇಡ ಎನ್ನುವವರಿಗೆ ಕುಕನೂರಿನ ಹತ್ತಿರದ ಇಟಗಿ ಇದೆ. ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಅಲ್ಲಿನ ಗುಡಿಯನ್ನು ಶಾಸನ ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ನಮ್ಮನ್ನು ಕೇಳಿದರೆ ಮಂಡಿನೋವಿನವರು ಮೊದಲು ಹೋಗಬೇಕಾದದ್ದು ಇಲ್ಲಿಗೇ. ಹಿರೇಬೆಣಕಲ್ಲಿನ ಶಿಲಾಯುಗದಂತೆ ಕಾಣುವ ಬೃಹತ್ ಕಲ್ಲುಗೋರಿಗಳು ಅದ್ಭುತವೇ. ಆದರೆ ಅಲ್ಲಿಗೆ ಬಂಡೆಗುಡ್ಡ ಹತ್ತಿ ನಡೆಯಬೇಕು, ಊರಿನವರೊಬ್ಬರು ಜೊತೆಗಿಲ್ಲದೆ ಹೋಗಬೇಡಿ.

ಇನ್ನು ಬಿಸಿಲು. ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಬಿಸಿಲು ಬಡಿಯುವುದಿಲ್ಲ ಎನ್ನುವ ಮೆಸೇಜ್ ಪ್ರತಿ ಏಪ್ರಿಲ್‌ನಲ್ಲಿ ಬರುತ್ತದೆ. ಇದು ಸುಳ್ಳು. ಮೈ ತಣಿಯುವುದು ಬೆವರು ಆರುವುದರಿಂದ. ಜೇಬಿನ ಉಳ್ಳಾಗಡ್ಡಿಗೂ ಅದಕ್ಕೂ ಸಂಬಂಧವಿಲ್ಲ. ಜೋಳದ ರೊಟ್ಟಿಯ ಜೊತೆ ತಿಂದರೆ ರುಚಿಯಾದರೂ ಸಿಗುತ್ತದೆ. ನೀರಡಿಕೆಯಾದಾಗ ಕುಡಿದರೆ ಸಾಕು ಎನ್ನುವ ಮಾತು ಹಿರಿಯರ ವಿಷಯದಲ್ಲಿ ಇನ್ನೂ ಅಪಾಯಕಾರಿ. ವಯಸ್ಸಾದಂತೆ ನೀರಡಿಕೆಯ ಅರಿವೇ ಮಂಕಾಗುತ್ತದೆ, ಮೂತ್ರಪಿಂಡಗಳು ನೀರನ್ನು ಮೊದಲಿನಷ್ಟು ಉಳಿಸಿಕೊಳ್ಳುವುದಿಲ್ಲ, ಬಿಪಿಯ ಕೆಲವು ಮಾತ್ರೆಗಳು ಮೂತ್ರ ಹೆಚ್ಚಿಸಿ ನೀರನ್ನು ಹೊರಹಾಕುತ್ತವೆ. ಬಾಯಿ ಒಣಗುವ ತನಕ ಕಾಯದೆ ಆಗಾಗ ಗುಟುಕು ಗುಟುಕಾಗಿ ಕುಡಿಯಿರಿ. ಬಸ್ಸಿನಲ್ಲಿ ಮೂತ್ರಕ್ಕೆ ಅವಸರವಾದೀತೆಂದು ಬೆಳಿಗ್ಗೆಯಿಂದ ನೀರನ್ನೇ ಬಿಡುವವರನ್ನು ನಾವು ಬಲ್ಲೆವು. ಅದಕ್ಕಿಂತ ಚಿಕ್ಕಚಿಕ್ಕ ಪ್ರಯಾಣ ಮಾಡುವುದು ಒಳ್ಳೆಯದು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗೆ ವೈದ್ಯರು ನೀರಿನ ಮಿತಿ ಹಾಕಿದ್ದರೆ, ಬಿಸಿಲಿನ ಪ್ರಯಾಣಕ್ಕೆ ಎಷ್ಟು ಎಂದು ಅವರನ್ನೇ ಕೇಳಿಕೊಂಡು ಹೊರಡಿ. ಮಾತು ತೊದಲಿದರೆ, ಮೈ ಕೆಂಡವಾಗಿ ದಿಕ್ಕು ತೋಚದಂತಾದರೆ ಅದು ದಣಿವಲ್ಲ. ನೆರಳಿಗೆ ಕರೆತಂದು, ಮೈಗೆ ನೀರು ಹಾಕಿ ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಒಬ್ಬರೇ ಇರುವಾಗ ಹೃದಯಾಘಾತವಾದರೆ ಜೋರಾಗಿ ಕೆಮ್ಮುತ್ತಿರಿ, ಬದುಕುತ್ತೀರಿ ಎನ್ನುವ ಹಳೆಯ ಫಾರ್ವರ್ಡ್ ಕೂಡ ಸುಳ್ಳು. ಕೆಮ್ಮುತ್ತಾ ಕೂತರೆ ಹೊತ್ತು ಹಾಳಾಗುತ್ತದೆ ಅಷ್ಟೆ. ಎದೆ ಹಿಂಡಿದಂತಾದರೆ ಇದ್ದಲ್ಲೇ ಕೂತು, ಪಕ್ಕದವರನ್ನು ಕರೆದು, 108ಕ್ಕೆ ಫೋನ್ ಮಾಡಿಸಿ. ತೆಗೆದುಕೊಳ್ಳುವ ಮಾತ್ರೆಗಳ ಹೆಸರು ಮತ್ತು ಮನೆಯವರ ನಂಬರ್ ಬರೆದ ಚೀಟಿ ಅಂಗಿಯ ಜೇಬಿನಲ್ಲಿರಲಿ. ಲಾಕ್ ಆದ ಫೋನಿನಲ್ಲಿದ್ದರೆ ಯಾರಿಗೂ ಸಿಗುವುದಿಲ್ಲ.