ನಂದಿಬೆಟ್ಟದ ವಿರಾಮ ಯಾರ ಬಳುವಳಿ?

ಹಬ್ಬಕ್ಕೆ ಊರು ಸೇರುವ ಮುನ್ನಿನ ಶನಿವಾರ, ಭಾನುವಾರ ಹಳೆಯ ಗೆಳೆಯರು ಕೂಡಿ ನಂದಿಬೆಟ್ಟಕ್ಕೆ ಹೋಗುವುದು ಬ್ರಿಟಿಷರು ಕಲಿಸಿದ ಚಾಳಿ ಎನ್ನುವವರಿದ್ದಾರೆ. ಮಾತು ಪೂರ್ತಿ ಸುಳ್ಳಲ್ಲ. ಮೈಸೂರಿನ ಕಮಿಷನರ್ ಮಾರ್ಕ್ ಕಬ್ಬನ್ ಬೇಸಿಗೆ ಕಳೆಯುತ್ತಿದ್ದ ಬಂಗಲೆ ಇನ್ನೂ ಅಲ್ಲಿದೆ. ಆದರೆ ಅದಕ್ಕೂ ಮೊದಲೇ ಟಿಪ್ಪುವಿನ ಬೇಸಿಗೆ ಅರಮನೆ ಇತ್ತು. 1791ರಲ್ಲಿ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸನ ಸೈನ್ಯ ಗೆದ್ದುಕೊಂಡದ್ದು ಬೆಟ್ಟದ ಕೋಟೆಯನ್ನಲ್ಲವೇ, ಅಲ್ಲಿ ವಿರಾಮವೆಲ್ಲಿಂದ ಬಂತು ಎಂದು ಕೇಳಬಹುದು. ಬರೀ ಕಾವಲಿಗಾಗಿದ್ದರೆ ಆ ಅರಮನೆಯ ಕಮಾನುಗಳಿಗೂ ಗೋಡೆಗಳಿಗೂ ಚಿತ್ತಾರ ಬರೆಸುವ ಅಗತ್ಯವಿರಲಿಲ್ಲ.

ಹಾಗಾದರೆ ಬೆಟ್ಟ ಜನಸಾಮಾನ್ಯರ ಪಾಲಿಗೆ ಬಂದದ್ದು ಹೇಗೆ? ತಂಪುಗಾಳಿಯ ಆಸೆ ಎಲ್ಲರಿಗೂ ಇತ್ತು, ಬಿಡುವು ಇರಲಿಲ್ಲ. 1927ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳಲು ಗಾಂಧೀಜಿ ಇಲ್ಲಿ ವಾರಗಟ್ಟಲೆ ತಂಗಿದರು. ಅಷ್ಟು ಬಿಡುವು ಕೂಲಿಯವನಿಗೆ ಕನಸು. ಭಾನುವಾರದ ರಜೆ ಕೂಡ ಪುಕ್ಕಟೆ ಸಿಕ್ಕದ್ದಲ್ಲ. ಮುಂಬೈ ಗಿರಣಿ ಕಾರ್ಮಿಕರು ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳತ್ವದಲ್ಲಿ ಹೋರಾಡಿ 1890ರಲ್ಲಿ ಅದನ್ನು ಪಡೆದರು. ಗೆಳೆಯರ ಕೂಟಕ್ಕೆ ದಾರಿ ಮಾಡಿದ್ದು ಬಂಗಲೆಗಿಂತ ಹೆಚ್ಚಾಗಿ ಆ ರಜೆ, ಆಮೇಲೆ ಬೆಟ್ಟ ಹತ್ತಿದ ಬಸ್ಸು. ಶನಿವಾರವೂ ದುಡಿಯುವ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಎರಡು ದಿನದ ವಿರಾಮ ಇನ್ನೂ ಸಿಕ್ಕಿಲ್ಲ.