ಓವರ್‌ಲೇ ಜಾಲಗಳಲ್ಲಿ ಪ್ಯಾಕೆಟ್ ಜಾಡು: ಇತಿಹಾಸ

ಇರುವ ಜಾಲದ ಮೇಲೆ ಸಾಫ್ಟ್‌ವೇರ್ ಬಳಸಿ ಇನ್ನೊಂದು ಜಾಲ ಕಟ್ಟಿದಾಗ ಮೇಲಿನದನ್ನು ಓವರ್‌ಲೇ ಎಂದೂ ಕೆಳಗಿನದನ್ನು ಅಂಡರ್‌ಲೇ ಎಂದೂ ಕರೆಯುತ್ತಾರೆ. ಓವರ್‌ಲೇಯ ಪ್ಯಾಕೆಟ್ಟು ಲಕೋಟೆಯೊಳಗಿನ ಲಕೋಟೆಯಂತೆ ಹೊರ ಹೆಡರ್ ಹೊದ್ದು ಅಂಡರ್‌ಲೇಯಲ್ಲಿ ಸಾಗುತ್ತದೆ. ಅದು ಯಾವ ಯಂತ್ರಗಳನ್ನು ದಾಟಿತು, ಎಲ್ಲಿ ಬಿದ್ದುಹೋಯಿತು ಎಂಬುದನ್ನು ಪತ್ತೆಹಚ್ಚುವ ವಿಧಾನಗಳು ಮೂರು ದಶಕಗಳಿಗೂ ಹೆಚ್ಚು ಕಾಲದಿಂದ ಬೆಳೆದುಬಂದಿವೆ.

ಇವೆಲ್ಲಕ್ಕೂ ಮೂಲ ಟ್ರೇಸ್‌ರೌಟ್. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿದ್ದ ವ್ಯಾನ್ ಜೇಕಬ್ಸನ್, ಸ್ಟೀವ್ ಡೀರಿಂಗ್ ಅವರ ಸಲಹೆಯ ಮೇರೆಗೆ 1980ರ ದಶಕದ ಕೊನೆಯಲ್ಲಿ ಇದನ್ನು ಬರೆದರು. ಪ್ರತಿ ಐಪಿ ಪ್ಯಾಕೆಟ್‌ನಲ್ಲೂ ಟಿಟಿಎಲ್ ಎಂಬ ಸಂಖ್ಯೆ ಇರುತ್ತದೆ. ಪ್ರತಿ ರೌಟರ್ ಅದರಿಂದ ಒಂದು ಕಳೆಯುತ್ತದೆ. ಸೊನ್ನೆಯಾದರೆ ಪ್ಯಾಕೆಟ್ಟನ್ನು ಬಿಸಾಡಿ, ಕಳಿಸಿದವರಿಗೆ ಐಸಿಎಂಪಿ ಎಂಬ ದೋಷಸೂಚಕ ಸಂದೇಶ ಬರೆಯುತ್ತದೆ. ಟಿಟಿಎಲ್ಲನ್ನು 1, 2, 3 ಎಂದು ಏರಿಸುತ್ತ ಕಳಿಸಿದರೆ ದಾರಿಯ ರೌಟರ್‌ಗಳು ಒಂದೊಂದಾಗಿ ತಮ್ಮ ವಿಳಾಸ ಹೇಳುತ್ತವೆ. ರೌಟರ್‌ಗಳಿಗೆ ಹೊಸದೇನನ್ನೂ ಕಲಿಸದೆ ಇಷ್ಟನ್ನು ಸಾಧಿಸಿದ್ದು ಈ ಉಪಾಯದ ಹೆಚ್ಚುಗಾರಿಕೆ.

ಇದರ ಮಿತಿ ಮೊದಲು ದೊಡ್ಡದಾಗಿ ಕಂಡದ್ದು ಒಂದೇ ಪ್ಯಾಕೆಟ್ಟನ್ನು ಅನೇಕರಿಗೆ ತಲುಪಿಸಲು ಅದೇ ಡೀರಿಂಗ್ ರೂಪಿಸಿದ ಮಲ್ಟಿಕಾಸ್ಟ್ ತಂತ್ರದಲ್ಲಿ. ಆಗಿನ ಬಹುಪಾಲು ರೌಟರ್‌ಗಳಿಗೆ ಮಲ್ಟಿಕಾಸ್ಟ್ ಅರ್ಥವಾಗುತ್ತಿರಲಿಲ್ಲ. ಹಾಗಾಗಿ 1992ರಲ್ಲಿ ಎಂಬೋನ್ ಎಂಬ ಓವರ್‌ಲೇಯನ್ನು, ಹೊರ ಹೆಡರ್ ಹೊದಿಸಿ ಪ್ಯಾಕೆಟ್ ಸಾಗಿಸುವ ಟನೆಲ್‌ಗಳಿಂದ ಕಟ್ಟಲಾಯಿತು. ಮಲ್ಟಿಕಾಸ್ಟ್ ಪ್ಯಾಕೆಟ್‌ಗಳಿಗೆ ರೌಟರ್‌ಗಳು ಐಸಿಎಂಪಿ ದೋಷ ಸಂದೇಶ ಕಳಿಸುವಂತಿಲ್ಲವಾದ್ದರಿಂದ ಅಲ್ಲಿ ಟ್ರೇಸ್‌ರೌಟ್ ನಡೆಯಲಿಲ್ಲ. ಎಂಟ್ರೇಸ್ ಎಂಬ ಪ್ರತ್ಯೇಕ ಉಪಕರಣ ಬಂತು. ಅದು ಸ್ವೀಕರಿಸುವವರ ಕಡೆಯಿಂದ ಮೂಲದ ಕಡೆಗೆ ಹಿಮ್ಮುಖವಾಗಿ ನಡೆಯುತ್ತದೆ.

ಟನೆಲ್ ಒಳಗೆ ಟ್ರೇಸ್‌ರೌಟ್ ಕುರುಡಾಗುವುದೇಕೆ? ಒಳಗಿನ ಟಿಟಿಎಲ್ಲನ್ನು ನಡುವಿನ ರೌಟರ್‌ಗಳು ಮುಟ್ಟುವುದೇ ಇಲ್ಲ. ಅವು ಇಳಿಸುವುದು ಹೊರ ಹೆಡರ್‌ನದನ್ನು. ಹತ್ತು ರೌಟರ್ ದಾಟಿದರೂ ಬಳಕೆದಾರರಿಗೆ ಕಾಣುವುದು ಒಂದೇ ಹೆಜ್ಜೆ. ಹೊರ ಟಿಟಿಎಲ್ ನಡುವೆ ಮುಗಿದರೂ ದೂರು ಹೋಗುವುದು ಟನೆಲ್‌ನ ಬಾಯಿಗೇ ಹೊರತು ಮೂಲ ಯಂತ್ರಕ್ಕಲ್ಲ. 1981ರ ಐಸಿಎಂಪಿ ನಿಯಮದ ಪ್ರಕಾರ ಆ ದೂರಿನಲ್ಲಿ ಉಲ್ಲೇಖವಾಗುವುದು ಐಪಿ ಹೆಡರ್ ಮತ್ತು ಅದರ ಮುಂದಿನ 8 ಬೈಟ್ ಮಾತ್ರ. ಯುಡಿಪಿ ಬಳಸುವ ಟನೆಲ್‌ಗಳಲ್ಲಿ ಹೊರ ಯುಡಿಪಿ ಹೆಡರ್‌ಗೇ ಆ 8 ಬೈಟ್ ಮುಗಿದುಹೋಗುತ್ತದೆ. ಒಳಗಿನ ಪ್ಯಾಕೆಟ್ ಯಾರದು ಎಂಬ ಸುಳಿವೇ ಉಳಿಯುವುದಿಲ್ಲ. ಮುಂದೆ 1995ರ ನಿಯಮ ಹೆಚ್ಚು ಬೈಟ್ ಸೇರಿಸಲು ಸೂಚಿಸಿತಾದರೂ ದೂರು ತಲುಪುವ ವಿಳಾಸ ಬದಲಾಗಲಿಲ್ಲ. ಪ್ಯಾಕೆಟ್‌ಗೆ ಲೇಬಲ್ ಹಚ್ಚಿ ಸಾಗಿಸುವ ಟೆಲಿಕಾಂ ಸಂಸ್ಥೆಗಳ ಎಂಪಿಎಲ್‌ಎಸ್ ಜಾಲಗಳಲ್ಲಿ ಟಿಟಿಎಲ್ಲನ್ನು ಲೇಬಲ್‌ಗೆ ನಕಲಿಸುವ ಅಥವಾ ಮರೆಮಾಡುವ ಆಯ್ಕೆ ಜಾಲದ ಒಡೆಯರ ಕೈಯಲ್ಲೇ ಇದೆ.

2014ರಲ್ಲಿ ವಿಎಕ್ಸ್‌ಲ್ಯಾನ್ ಎಂಬ ಓವರ್‌ಲೇ ವಿಧಾನದ ವಿವರಣೆ ಆರ್‌ಎಫ್‌ಸಿ 7348 ಎಂಬ ಅಂತರ್ಜಾಲ ದಾಖಲೆಯಾಗಿ ಪ್ರಕಟವಾಯಿತು. ಹಿಂದಿನ ವಿಲ್ಯಾನ್ ವಿಧಾನದ 12 ಬಿಟ್ ಗುರುತಿನಿಂದ ಸುಮಾರು 4,000 ಜಾಲಗಳಷ್ಟೇ ಸಾಧ್ಯವಿದ್ದವು. ಇದರ 24 ಬಿಟ್ ಗುರುತು ಅದನ್ನು 1.6 ಕೋಟಿಗೂ ಮೇಲಕ್ಕೆ ಏರಿಸಿತು. ಕ್ಲೌಡ್ ಡೇಟಾ ಸೆಂಟರ್‌ಗಳಿಗೆ ಇದು ವರವಾಯಿತು, ಜಾಡು ಹಿಡಿಯುವವರಿಗೆ ಹೊಸ ತೊಡಕಾಯಿತು. ವಿಎಕ್ಸ್‌ಲ್ಯಾನ್ ಒಳಗಿನ ಹೆಡರ್‌ಗಳ ಹ್ಯಾಷ್‌ನಿಂದ ಹೊರ ಯುಡಿಪಿಯ ಮೂಲ ಪೋರ್ಟ್ ಆರಿಸುತ್ತದೆ. ಸಮಾನ ದಾರಿಗಳಲ್ಲಿ ಯಾವುದನ್ನು ಹಿಡಿಯಬೇಕೆಂದು ಸ್ವಿಚ್ಚುಗಳು ತೀರ್ಮಾನಿಸಲು ಅದೂ ಒಂದು ಆಧಾರ. ಹಳೆಯ ಟ್ರೇಸ್‌ರೌಟ್ ಪ್ರತಿ ಪ್ಯಾಕೆಟ್‌ಗೂ ಗುರಿಯ ಪೋರ್ಟ್ ಏರಿಸುತ್ತದೆ. ಹ್ಯಾಷ್ ಕೂಡ ಬದಲಾಗುವುದರಿಂದ ಒಂದು ಪ್ಯಾಕೆಟ್ ಒಂದು ದಾರಿ, ಮುಂದಿನದು ಇನ್ನೊಂದು ದಾರಿ ಹಿಡಿಯಬಹುದು. ಇಂಥ ಗೊಂದಲವನ್ನು ಮಾಮೂಲಿ ಅಂತರ್ಜಾಲದಲ್ಲಿ ಮೊದಲೇ ಗುರುತಿಸಿ, ಪೋರ್ಟ್‌ಗಳನ್ನು ಬದಲಿಸದೆ ಕಳಿಸುವ ಪರಿಹಾರ ಕೊಟ್ಟದ್ದು 2006ರ ಪ್ಯಾರಿಸ್ ಟ್ರೇಸ್‌ರೌಟ್.

ಅಷ್ಟರಲ್ಲಿ ಇನ್ನೊಂದು ಬಗೆಯ ಉಪಕರಣಗಳು ಬೆಳೆದವು. ಓಪನ್ ವಿಸ್ವಿಚ್ ಎಂಬ ಸಾಫ್ಟ್‌ವೇರ್ ಸ್ವಿಚ್ಚಿನ ಆಫ್‌ಪ್ರೋಟೊ ಟ್ರೇಸ್ ಪ್ಯಾಕೆಟ್ಟನ್ನು ಕಳಿಸುವುದೇ ಇಲ್ಲ. ಕಲ್ಪಿತ ಪ್ಯಾಕೆಟ್ಟೊಂದನ್ನು ಸ್ವಿಚ್ಚಿನ ನಿಯಮಗಳ ಕೋಷ್ಟಕಗಳಲ್ಲಿ ಹಾಯಿಸಿ, ಯಾವ ನಿಯಮ ಏನು ಮಾಡುತ್ತಿತ್ತು ಎಂದು ತೋರಿಸುತ್ತದೆ. ಅದರ ಮೇಲೆ ಕಟ್ಟಿದ ಓವಿಎನ್‌ನ ಟ್ರೇಸ್ ಇದನ್ನೇ ಇಡೀ ತಾರ್ಕಿಕ ಜಾಲಕ್ಕೆ ವಿಸ್ತರಿಸಿತು. 2012ರಲ್ಲಿ ಸ್ಟ್ಯಾನ್‌ಫರ್ಡ್‌ನ ಪೇಮಾನ್ ಕಜೆಮಿಯನ್ ಮತ್ತು ನಿಕ್ ಮೆಕ್‌ಯೋನ್, ಜಾರ್ಜ್ ವರ್ಗೀಸ್ ಜೊತೆಗೂಡಿ ಮಂಡಿಸಿದ ಹೆಡರ್ ಸ್ಪೇಸ್ ವಿಶ್ಲೇಷಣೆ, ಹೆಡರ್‌ಗಳನ್ನು ಗಣಿತದ ಅವಕಾಶವಾಗಿ ಕಂಡು ಸಂಭವನೀಯ ಎಲ್ಲ ಹಾದಿಗಳನ್ನೂ ಪರೀಕ್ಷಿಸುವ ದಾರಿ ತೆರೆಯಿತು. ಇವು ಸಂರಚನೆಯ ತಪ್ಪನ್ನು ಚೆನ್ನಾಗಿ ಹಿಡಿಯುತ್ತವೆ. ಆದರೆ ಕೆಟ್ಟ ಕೇಬಲ್ಲನ್ನಾಗಲಿ ತುಂಬಿತುಳುಕುವ ಬಫರನ್ನಾಗಲಿ ಅವು ಕಾಣಲಾರವು. ನಿಯಮ ಏನು ಹೇಳುತ್ತದೆ ಎಂಬುದೂ ನಿಜಕ್ಕೂ ಏನಾಯಿತು ಎಂಬುದೂ ಬೇರೆ ಬೇರೆ ಪ್ರಶ್ನೆಗಳು. ವಿಎಂವೇರ್ ಎನ್‌ಎಸ್‌ಎಕ್ಸ್‌ನ ಟ್ರೇಸ್‌ಫ್ಲೋ ಗುರುತು ಹಾಕಿದ ಪ್ಯಾಕೆಟ್ಟನ್ನು ನಿಜವಾಗಿಯೇ ಒಳಬಿಟ್ಟು, ಅದು ಎಲ್ಲೆಲ್ಲಿ ಕಂಡಿತೆಂಬ ವರದಿ ಸಂಗ್ರಹಿಸುತ್ತದೆ. ಆ ಅಂತರವನ್ನು ತುಂಬಲು ಇದು ಹೆಚ್ಚು ನಂಬತಕ್ಕ ದಾರಿ.

ಪ್ಯಾಕೆಟ್ಟೇ ತನ್ನ ದಿನಚರಿ ಹೊತ್ತೊಯ್ಯುವ ಐಓಎಎಂ ಪದ್ಧತಿಯ ದತ್ತಾಂಶ ಸ್ವರೂಪ 2022ರಲ್ಲಿ ಆರ್‌ಎಫ್‌ಸಿ 9197 ಆಗಿ ಪ್ರಕಟವಾಯಿತು. ದಾರಿಯ ಪ್ರತಿ ನೋಡ್ ತನ್ನ ಗುರುತು, ಸಮಯ, ಸರತಿಯ ಸ್ಥಿತಿ ಮೊದಲಾದವನ್ನು ಅದರಲ್ಲಿ ಸೇರಿಸಬಹುದು. ಆದರೆ ಇದು ಒಂದೇ ಆಡಳಿತದ ಸೀಮಿತ ವಲಯಕ್ಕೆಂದು ರೂಪಿಸಿದ ಪದ್ಧತಿ. ವಲಯದ ಗಡಿಯಲ್ಲಿ ಆ ದಾಖಲೆಯನ್ನು ತೆಗೆದುಹಾಕಲಾಗುತ್ತದೆ. ಹಾಗಾಗಿ ಕ್ಲೌಡ್‌ನಲ್ಲಿ ವರ್ಚುವಲ್ ಮಷಿನ್ ಬಾಡಿಗೆಗೆ ಪಡೆದವರು, ಸೇವೆ ಕೊಡುವ ಸಂಸ್ಥೆ ತೋರಿಸಿದಷ್ಟನ್ನೇ ನೋಡಬಲ್ಲರು.