ಲ್ಯಾಪ್‌ಟಾಪ್ ಕೆಟ್ಟರೆ ಅದರಲ್ಲಿದ್ದ ಫೋಟೊಗಳೂ ಹೋದವೇ? ನಿಜ ಏನು, ಸುಳ್ಳು ಏನು

"ಹಾರ್ಡ್ ಡಿಸ್ಕ್ ಕೆಟ್ಟಿದೆಯೇ? ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರ್‌ನಲ್ಲಿಡಿ. ಬೆಳಿಗ್ಗೆ ಎಲ್ಲ ಫೋಟೊ ವಾಪಸ್!" ಇಂಥ ಮೆಸೇಜ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಇದನ್ನು ಫಾರ್ವರ್ಡ್ ಮಾಡುವವರ ಉದ್ದೇಶ ಒಳ್ಳೆಯದೇ. ಆದರೆ ಬೀರುವಿನ ಮೇಲೆ ಧೂಳು ಹಿಡಿದು ಕೂತ ಹಳೆಯ ಲ್ಯಾಪ್‌ಟಾಪ್‌ನಲ್ಲಿ ತೀರಿಹೋದ ಅಪ್ಪನ ಫೋಟೊಗಳೋ ಮಗುವಿನ ಮೊದಲ ಹುಟ್ಟುಹಬ್ಬದ ವಿಡಿಯೊವೋ ಇದ್ದರೆ, ಇಂಥ ಒಂದು ಪ್ರಯೋಗ ಇದ್ದ ಅವಕಾಶವನ್ನೂ ಕಳೆಯಬಹುದು.

ಮೊದಲೇ ಹೇಳಿಬಿಡುತ್ತೇವೆ: ಫೋಟೊಗಳು ನಾವು ಅಂದುಕೊಂಡಷ್ಟು ಸುಲಭವಾಗಿ ನಾಶವಾಗುವುದಿಲ್ಲ. ಎಷ್ಟೋ ಸಲ ಅವನ್ನು ನಾಶ ಮಾಡುವುದು ಆಮೇಲೆ ನಾವು ಗಾಬರಿಯಲ್ಲಿ ಮಾಡುವ ಕೆಲಸಗಳು.

ಲ್ಯಾಪ್‌ಟಾಪ್ ಆನ್ ಆಗುತ್ತಿಲ್ಲ ಎಂದರೆ ಫೋಟೊ ಹೋಯಿತೇ?

ಇಲ್ಲ. ಚಾರ್ಜರ್, ಬ್ಯಾಟರಿ, ಡಿಸ್‌ಪ್ಲೇ, ಮದರ್‌ಬೋರ್ಡ್ ಇವುಗಳಲ್ಲಿ ಯಾವುದು ಕೆಟ್ಟರೂ ಲ್ಯಾಪ್‌ಟಾಪ್ ಸತ್ತಂತೆ ಕಾಣುತ್ತದೆ. ಫೋಟೊಗಳಿರುವುದು ಇವುಗಳಲ್ಲಲ್ಲ, ಒಳಗಿರುವ ಡಿಸ್ಕ್‌ನಲ್ಲಿ. ಬಹುಪಾಲು ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಅದು ಅಂಗೈಯಗಲದ, 2.5 ಇಂಚಿನ ಹಾರ್ಡ್ ಡಿಸ್ಕ್. ಹಿಂಬದಿಯ ಸ್ಕ್ರೂ ಬಿಚ್ಚಿದರೆ ಹೊರಗೆ ಬರುತ್ತದೆ. 'ಸಾಟಾ ಟು ಯುಎಸ್‌ಬಿ' ಎಂಬ ಕೇಬಲ್ ಹಾಕಿದರೆ ಇನ್ನೊಂದು ಕಂಪ್ಯೂಟರಿಗೆ ಪೆನ್‌ಡ್ರೈವ್‌ನಂತೆ ಜೋಡಿಸಬಹುದು. ಕೈ ಹಾಕಲು ಧೈರ್ಯ ಇಲ್ಲದಿದ್ದರೆ ರಿಪೇರಿ ಅಂಗಡಿಯವರು ಮಾಡಿಕೊಡುತ್ತಾರೆ.

ಜೋಡಿಸಿದ ಮೇಲೆ 'ಯೂಸರ್ಸ್' ಫೋಲ್ಡರ್ ತೆರೆದು, ಅದರೊಳಗೆ ನಿಮ್ಮ ಹೆಸರಿನ ಫೋಲ್ಡರ್‌ನಲ್ಲಿ ಪಿಕ್ಚರ್ಸ್, ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಎಲ್ಲವನ್ನೂ ನೋಡಿ. ವಿಂಡೋಸ್ ಪಾಸ್‌ವರ್ಡ್ ಮರೆತಿದ್ದರೂ ಸಾಮಾನ್ಯವಾಗಿ ಇದು ತೆರೆಯುತ್ತದೆ. ಬಿಟ್‌ಲಾಕರ್ ಹಾಕಿದ್ದರೆ ಮಾತ್ರ 48 ಅಂಕಿಗಳ ರಿಕವರಿ ಕೀ ಬೇಕು. ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ಹುಡುಕಿ, ಎಷ್ಟೋ ಸಲ ಅಲ್ಲೇ ಸಿಗುತ್ತದೆ.

ಒಂದು ಎಚ್ಚರಿಕೆ. ಡಿಸ್ಕ್ ಜೋಡಿಸಿದಾಗ "ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು" ಎಂಬ ಸಂದೇಶ ಬಂದರೆ ಒಪ್ಪಬೇಡಿ. ಕ್ಯಾನ್ಸಲ್ ಒತ್ತಿ.

ಡಿಲೀಟ್ ಮಾಡಿದ ಫೋಟೊ ಎಲ್ಲಿಗೆ ಹೋಗುತ್ತದೆ?

ಬಸ್ಸಿನ ರಿಸರ್ವೇಶನ್ ಪಟ್ಟಿಯನ್ನು ನೆನಪಿಸಿಕೊಳ್ಳಿ. ಪಟ್ಟಿಯಿಂದ ಒಬ್ಬರ ಹೆಸರು ಹೊಡೆದುಹಾಕಿದರು. ಆದರೆ ಆ ವ್ಯಕ್ತಿ ಇನ್ನೂ ಸೀಟಿನಲ್ಲೇ ಕೂತಿದ್ದಾರೆ. ಅದೇ ಸೀಟನ್ನು ಬೇರೆಯವರಿಗೆ ಕೊಟ್ಟು, ಅವರು ಬಂದಾಗ ಮಾತ್ರ ಇವರು ಏಳಬೇಕು. ಹಾರ್ಡ್ ಡಿಸ್ಕ್‌ನಲ್ಲಿ ಡಿಲೀಟ್ ಎಂದರೆ ಇಷ್ಟೇ. ರೀಸೈಕಲ್ ಬಿನ್ ಖಾಲಿ ಮಾಡಿದಾಗ ಪಟ್ಟಿಯಿಂದ ಹೆಸರು ಹೋಗುತ್ತದೆ, ಆ ಜಾಗದಲ್ಲಿ ಹೊಸ ಫೈಲ್ ಬಂದು ಕೂರುವವರೆಗೂ ಫೋಟೊ ಅಲ್ಲೇ ಇರುತ್ತದೆ.

ಹಾಗಾಗಿ ಮೊದಲ ನಿಯಮ: ತಪ್ಪಾಗಿ ಡಿಲೀಟ್ ಆಗಿದೆ ಎಂದು ಗೊತ್ತಾದ ಕ್ಷಣವೇ ಆ ಲ್ಯಾಪ್‌ಟಾಪ್ ಬಳಸುವುದನ್ನು ನಿಲ್ಲಿಸಿ. ಬ್ರೌಸರ್ ತೆರೆದರೂ, ವಿಂಡೋಸ್ ಅಪ್‌ಡೇಟ್ ಆದರೂ ಡಿಸ್ಕ್‌ನಲ್ಲಿ ಹೊಸದೇನಾದರೂ ಬರೆಯಲ್ಪಡುತ್ತದೆ. ರಿಕವರಿ ಸಾಫ್ಟ್‌ವೇರನ್ನು ಅದೇ ಡಿಸ್ಕಿಗೆ ಇನ್‌ಸ್ಟಾಲ್ ಮಾಡುವುದಂತೂ ಹುಡುಕಬೇಕಾದ ಸೀಟಿನಲ್ಲಿ ನಾವೇ ಹೋಗಿ ಕೂತಂತೆ. ಸಾಫ್ಟ್‌ವೇರ್ ಬೇರೆ ಕಂಪ್ಯೂಟರಿನಲ್ಲಿರಲಿ, ಸಿಕ್ಕ ಫೋಟೊಗಳೂ ಬೇರೆ ಡಿಸ್ಕಿಗೇ ಹೋಗಲಿ.

ದುಡ್ಡು ಕೊಡದೆ ಸಿಗುವ ಒಳ್ಳೆಯ ಸಾಧನಗಳಿವೆ. ಫೋಟೊರೆಕ್ ಎಂಬುದು ಪೂರ್ತಿ ಉಚಿತ. ಪ್ರತಿ ಜೆಪೆಗ್ ಫೋಟೊ ಒಂದು ನಿರ್ದಿಷ್ಟ ಗುರುತಿನಿಂದ ಶುರುವಾಗುತ್ತದೆ, ಇದು ಆ ಗುರುತನ್ನೇ ಡಿಸ್ಕ್ ತುಂಬ ಹುಡುಕುತ್ತದೆ. ಆದ್ದರಿಂದ ಪಟ್ಟಿಯೇ ಹಾಳಾಗಿದ್ದರೂ ಕೆಲಸ ಮಾಡಬಲ್ಲದು. ಆದರೆ ಸಿಕ್ಕ ಫೋಟೊಗಳಿಗೆ ಹಳೆಯ ಹೆಸರು, ಫೋಲ್ಡರ್ ಇರುವುದಿಲ್ಲ. ಸಾವಿರಾರು ಫೋಟೊಗಳನ್ನು ಕೂತು ವಿಂಗಡಿಸುವ ತಾಳ್ಮೆ ಬೇಕು. ರೆಕುವಾದ ಉಚಿತ ಆವೃತ್ತಿ ಹೊಸಬರಿಗೆ ಇದಕ್ಕಿಂತ ಸುಲಭ.

"ಯಾವ ಫೋಟೊ ಬೇಕಾದರೂ ವಾಪಸ್ ತರಬಹುದು" ಎಂಬುದು ನಿಜವೇ?

ಅರ್ಧ ಸತ್ಯ. ಮೇಲೆ ಹೇಳಿದ್ದೆಲ್ಲ ತಿರುಗುವ ತಟ್ಟೆಗಳಿರುವ ಹಾರ್ಡ್ ಡಿಸ್ಕಿನ ಮಾತು. ಇತ್ತೀಚಿನ ಲ್ಯಾಪ್‌ಟಾಪ್‌ಗಳಲ್ಲಿರುವುದು ಎಸ್‌ಎಸ್‌ಡಿ. ಅದರಲ್ಲಿ 'ಟ್ರಿಮ್' ಎಂಬ ವ್ಯವಸ್ಥೆ ಇದೆ. ಫೈಲ್ ಡಿಲೀಟ್ ಆದ ಕೂಡಲೇ "ಈ ಜಾಗ ಇನ್ನು ಬೇಡ" ಎಂಬ ಸೂಚನೆ ಡಿಸ್ಕಿಗೆ ಹೋಗುತ್ತದೆ, ಅದು ತನ್ನಷ್ಟಕ್ಕೆ ಆ ಜಾಗವನ್ನು ಅಳಿಸಿ ಸಿದ್ಧವಾಗಿಡುತ್ತದೆ. ಬಸ್ಸಿನ ಉದಾಹರಣೆಯಲ್ಲೇ ಹೇಳುವುದಾದರೆ, ಕಂಡಕ್ಟರ್ ಕೂಡಲೇ ಬಂದು ಎಬ್ಬಿಸಿಬಿಡುತ್ತಾರೆ. ಹಾಗಾಗಿ ಎಸ್‌ಎಸ್‌ಡಿಯಿಂದ ಡಿಲೀಟ್ ಆದ ಫೋಟೊ ಮರಳಿ ಸಿಗುವ ಸಾಧ್ಯತೆ ತೀರಾ ಕಡಿಮೆ. ಆದರೆ ಡಿಲೀಟ್ ಆಗದೆ, ಲ್ಯಾಪ್‌ಟಾಪ್ ಮಾತ್ರ ಕೆಟ್ಟಿದ್ದರೆ, ಬಿಚ್ಚಿ ತೆಗೆಯಬಹುದಾದ ಎಸ್‌ಎಸ್‌ಡಿಯಿಂದಲೂ ಫೋಟೊ ತೆಗೆಯಬಹುದು.

ಫಾರ್ಮ್ಯಾಟ್ ವಿಷಯವೂ ಹೀಗೇ. ಹಾರ್ಡ್ ಡಿಸ್ಕಿನಲ್ಲಿ 'ಕ್ವಿಕ್ ಫಾರ್ಮ್ಯಾಟ್' ಮಾಡಿದ್ದರೆ ಪಟ್ಟಿ ಮಾತ್ರ ಹೋಗಿರುತ್ತದೆ, ಆಸೆ ಇದೆ. ವಿಂಡೋಸ್ ವಿಸ್ಟಾ ನಂತರದ 'ಫುಲ್ ಫಾರ್ಮ್ಯಾಟ್' ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಯುತ್ತದೆ, ಆಮೇಲೆ ಏನೂ ಉಳಿಯದು.

ಫ್ರೀಜರ್‌ನಲ್ಲಿಟ್ಟರೆ, ತಟ್ಟಿದರೆ ಸರಿಹೋಗುವುದೇ?

ಬೇಡವೇ ಬೇಡ. ಹಾರ್ಡ್ ಡಿಸ್ಕಿನೊಳಗೆ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಓದುವ ಮುಳ್ಳು ತಟ್ಟೆಗೆ ತಾಗದೆ, ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತದೆ. ನಮ್ಮ ತಲೆಗೂದಲ ದಪ್ಪ ಇದರ ಸಾವಿರಾರು ಪಟ್ಟು. ಫ್ರೀಜರ್‌ನಿಂದ ತೆಗೆದ ತಣ್ಣನೆಯ ಡಿಸ್ಕಿನ ಮೇಲೆ, ತಂಪು ನೀರಿನ ಬಾಟಲಿಯ ಮೇಲೆ ಹನಿಯೊಡೆಯುವಂತೆ, ತೇವ ಕೂರುತ್ತದೆ. ಆ ಸ್ಥಿತಿಯಲ್ಲಿ ತಟ್ಟೆ ತಿರುಗಿದರೆ ಫೋಟೊಗಳಿರುವ ಪದರವೇ ಗೀರಿಹೋಗಬಹುದು. ತಟ್ಟಿದರೂ ಅದೇ ಅಪಾಯ.

ಡಿಸ್ಕಿನಿಂದ "ಟಕ್ ಟಕ್" ಎಂಬ ಶಬ್ದ ಪದೇ ಪದೇ ಬರುತ್ತಿದ್ದರೆ ಕೂಡಲೇ ಕರೆಂಟ್ ತೆಗೆಯಿರಿ. ಅಲ್ಲಿಗೆ ಸಾಫ್ಟ್‌ವೇರಿನ ಕೆಲಸ ಮುಗಿಯಿತು. 'ಚೆಕ್ ಡಿಸ್ಕ್' ಕೂಡ ಓಡಿಸಬೇಡಿ. ಇನ್ನು ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ಬಿಚ್ಚುವ ಡೇಟಾ ರಿಕವರಿ ಲ್ಯಾಬ್ ಒಂದೇ ದಾರಿ.

ಲ್ಯಾಬ್‌ನಿಂದ ಏನು ಸಾಧ್ಯ ಎಂಬುದಕ್ಕೆ ಒಂದು ಉದಾಹರಣೆ. 2003ರ ಫೆಬ್ರುವರಿ 1ರಂದು ಕೊಲಂಬಿಯಾ ಬಾಹ್ಯಾಕಾಶ ನೌಕೆ ಭೂಮಿಗೆ ಮರಳುವಾಗ ಆಕಾಶದಲ್ಲೇ ಛಿದ್ರವಾಯಿತು. ಕಲ್ಪನಾ ಚಾವ್ಲಾ ಸೇರಿ ಏಳೂ ಗಗನಯಾತ್ರಿಗಳು ಪ್ರಾಣ ಕಳೆದುಕೊಂಡರು. ಅವಶೇಷಗಳ ನಡುವೆ ಸುಟ್ಟು ಕರಕಲಾದ ಒಂದು ಹಾರ್ಡ್ ಡಿಸ್ಕ್ ಸಿಕ್ಕಿತು. ಅದರ ಎಲೆಕ್ಟ್ರಾನಿಕ್ ಭಾಗಗಳು ಹಾಳಾಗಿದ್ದರೂ ತಟ್ಟೆಗಳು ಉಳಿದಿದ್ದವು. ಪರಿಣತರು ಶೇ. 99ರಷ್ಟು ಮಾಹಿತಿಯನ್ನು ಹೊರತೆಗೆದರು. ಆ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು.

ಲ್ಯಾಬ್ ಖರ್ಚು ಹೆಚ್ಚು. ಪರೀಕ್ಷೆಗೆ ಎಷ್ಟು, ಡೇಟಾ ಸಿಗದಿದ್ದರೆ ಎಷ್ಟು ಎಂದು ಮೊದಲೇ ಬರೆಸಿಕೊಳ್ಳಿ. "ಫೋನಿನಲ್ಲೇ ರಿಕವರಿ ಮಾಡಿಕೊಡುತ್ತೇವೆ" ಎಂದು ಒಟಿಪಿ ಕೇಳುವವರಿಗೆ, ಸ್ಕ್ರೀನ್ ಶೇರ್ ಮಾಡಿ ಎನ್ನುವವರಿಗೆ ಉತ್ತರವನ್ನೇ ಕೊಡಬೇಡಿ.

ಖರ್ಚು ಮಾಡುವ ಮೊದಲು ಇಲ್ಲೂ ಹುಡುಕಿ

ಹಳೆಯ ಜಿಮೇಲ್‌ನ ಗೂಗಲ್ ಫೋಟೋಸ್, ಒನ್‌ಡ್ರೈವ್, ಫೇಸ್‌ಬುಕ್ ಆಲ್ಬಂ, ಕಳುಹಿಸಿದ ಇಮೇಲ್‌ಗಳು, ಡ್ರಾಯರ್‌ನಲ್ಲಿ ಬಿದ್ದಿರುವ ಕ್ಯಾಮೆರಾ ಮೆಮೊರಿ ಕಾರ್ಡ್, ಮದುವೆ ಫೋಟೊಗ್ರಾಫರ್ ಕೊಟ್ಟ ಸಿಡಿ ಎಲ್ಲವನ್ನೂ ನೋಡಿ. ಅಕ್ಕನಿಗೋ ಚಿಕ್ಕಪ್ಪನಿಗೋ ಎಂದೋ ಕಳುಹಿಸಿದ ಪ್ರತಿ ಅವರ ಬಳಿ ಇರಬಹುದು.

ಒಟ್ಟಿನಲ್ಲಿ

ಲ್ಯಾಪ್‌ಟಾಪ್ ಕೆಟ್ಟರೆ ಫೋಟೊ ಹೋಯಿತು ಎಂಬುದು ಸುಳ್ಳು. ಡಿಲೀಟ್ ಆದದ್ದೆಲ್ಲ ವಾಪಸ್ ಬರುತ್ತದೆ ಎಂಬುದೂ ಸುಳ್ಳು. ಫ್ರೀಜರ್ ಉಪಾಯ ಅಪಾಯ. ಅಂದಹಾಗೆ, ಡಿಲೀಟ್ ಆದ ಫೋಟೊ ಉಳಿದಿರುತ್ತದೆ ಎಂಬ ಮಾತು ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವಾಗಲೂ ನೆನಪಿರಲಿ: ಅಲ್ಲಿ ಅದನ್ನು ಹುಡುಕುವವರು ಬೇರೆಯವರು. ಕೊಡುವ ಮೊದಲು ಡಿಸ್ಕ್ ತೆಗೆದಿಟ್ಟುಕೊಳ್ಳಿ.

ಫೋಟೊಗಳು ಸಿಕ್ಕ ದಿನವೇ ಮೂರು ಪ್ರತಿ ಮಾಡಿ: ಒಂದು ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಡಿಸ್ಕಿನಲ್ಲಿ, ಒಂದು ಕ್ಲೌಡ್‌ನಲ್ಲೋ ಬೇರೆ ಊರಿನ ಸಂಬಂಧಿಕರ ಮನೆಯಲ್ಲೋ. ಫ್ರೀಜರ್ ಮೆಸೇಜ್ ಬಂದ ಗ್ರೂಪಿಗೆ ಈ ಲೇಖನವನ್ನೂ ಕಳುಹಿಸಿ. ಅಲ್ಲಿ ಯಾರದೋ ಮನೆಯ ಬೀರುವಿನ ಮೇಲೆ ಇಂಥದ್ದೇ ಒಂದು ಲ್ಯಾಪ್‌ಟಾಪ್ ಇರಬಹುದು.